ಹಕ್ಕಿ ಫೋಟೊಗೆ ಬಟ್ಟೆಯ ಹೈಡ್: ಎರಡು ವರ್ಷ ಒಳಗೆ ಕೂತ ಮೇಲೆ

ಹಕ್ಕಿ ಫೋಟೊ ತೆಗೆಯಲು ದೊಡ್ಡ ಲೆನ್ಸ್ ಬೇಕು ಅಂತ ದುಡ್ಡು ಕೂಡಿಡುತ್ತಿದ್ದೀರಾ? ಸ್ವಲ್ಪ ತಡೆಯಿರಿ. ಮೊದಲು ಒಂದು ಹೈಡ್ ತಗೊಳ್ಳಿ. ಮಡಚಿದರೆ ದೊಡ್ಡ ತಟ್ಟೆಯ ಹಾಗೆ ಆಗುವ, ಕಟ್ಟು ಬಿಚ್ಚಿದರೆ ಪಟ್ಟನೆ ಅರಳಿಕೊಳ್ಳುವ ಬಟ್ಟೆಯ ಗೂಡು ಅದು. ಒಳಗೆ ಸ್ಟೂಲ್ ಹಾಕಿ ಒಬ್ಬರು ಕೂರಬಹುದು, ಕಿಟಕಿಯಿಂದ ಲೆನ್ಸಿನ ಮೂತಿ ಹೊರಗೆ ಹಾಕಬಹುದು, ಅಷ್ಟೇ. ನಾನು ಮೂರೂವರೆ ಸಾವಿರ ಕೊಟ್ಟು ಆನ್‌ಲೈನಲ್ಲಿ ತರಿಸಿದೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಡಕೆ ತೋಟದಲ್ಲಿ, ಮನೆ ಹಿಂದಿನ ಗುಡ್ಡೆಯಲ್ಲಿ, ಕಿದೂರು ಕಡೆಯ ಪಾರೆಯಲ್ಲಿ (ಕಲ್ಲುಬಯಲಿಗೆ ನಾವು ಪಾರೆ ಅನ್ನುತ್ತೇವೆ) ಎರಡು ವರ್ಷ ಇದರೊಳಗೆ ಕೂತಿದ್ದೇನೆ. ಸರಿ ಇಲ್ಲದ್ದು ಇದರಲ್ಲಿ ತುಂಬಾ ಇದೆ, ಎಲ್ಲ ಬರೆಯುತ್ತೇನೆ. ಆದರೂ ನನ್ನ ಸಾಮಾನುಗಳಲ್ಲಿ ಹಕ್ಕಿಯನ್ನು ಇಷ್ಟು ಹತ್ತಿರ ತೋರಿಸಿದ್ದು ಇದೊಂದೇ.

ಕಂಪೆನಿ ಹೆಸರು ಬರೆಯುತ್ತಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಒಂದೇ ತರಹದ ಗೂಡನ್ನು ನಾಲ್ಕೈದು ಹೆಸರಲ್ಲಿ ಮಾರುತ್ತಾರೆ. ಮೊದಲು ಬಂದದ್ದರ ಒಂದು ಕಂಬಿ ಬಗ್ಗಿತ್ತು, ಬದಲಿಸಿ ಕೊಡಲು ಮೂರು ವಾರ ತಗೊಂಡರು.

ಯಾಕೆ ತಗೊಂಡೆ ಅಂತ ಹೇಳುತ್ತೇನೆ. ನನ್ನ ಹತ್ತಿರ ಇರುವುದು ಹಳೆಯ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಫಲಕ ಸಣ್ಣದಿರುವ) ಕ್ಯಾಮೆರಾ, ಒಂದು 70-300 ಮಿ.ಮೀ. ಲೆನ್ಸ್. ಈ ಸಂಖ್ಯೆ ದೊಡ್ಡದಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ. ಭಾವ ಒಂದು 150-600 ತಗೊಂಡರು, ಹೆಚ್ಚುಕಮ್ಮಿ 2 ಕೆಜಿ ತೂಕ. ಅವರ ಚಿತ್ರಗಳನ್ನು ನೋಡಿ ನನಗೂ ಆಸೆ ಹತ್ತಿತು, ಸಾಲ ಮಾಡಿಯಾದರೂ ತಗೊಳ್ಳುವ ಅಂತ ಲೆಕ್ಕ ಹಾಕುತ್ತಿದ್ದೆ. ಆಗ ಇನ್ನೊಂದು ಲೆಕ್ಕವೂ ಹಾಕಿ ನೋಡಿದೆ. ನನ್ನ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ. 300ರಲ್ಲಿ 20 ಮೀಟರ್ ದೂರಕ್ಕೆ ಹಿಡಿದರೆ ಚೌಕಟ್ಟಿನಲ್ಲಿ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಬರುತ್ತದೆ. ನವರಂಗದಂಥ 19 ಸೆಂ.ಮೀ. ಹಕ್ಕಿ ಅದರಲ್ಲಿ ಎಂಟರಲ್ಲಿ ಒಂದು ಪಾಲು. ಭಾವನ 600ರಲ್ಲಿ ಅದು ನಾಲ್ಕರಲ್ಲಿ ಒಂದು ಪಾಲು ಆಗುತ್ತದೆ. ಆದರೆ ಅದೇ ಹಕ್ಕಿ 5 ಮೀಟರಿಗೆ ಬಂದರೆ ನನ್ನ 300ರಲ್ಲೇ ಅರ್ಧ ಚೌಕಟ್ಟು ತುಂಬುತ್ತದೆ! ಅಂದರೆ 20 ಮೀಟರ್ ದೂರ ನಿಂತ ಲಕ್ಷ ರೂಪಾಯಿಯ ಲೆನ್ಸಿಗಿಂತ 5 ಮೀಟರಿನಲ್ಲಿ ಕೂತ ನನ್ನ ಹಳೆಯ ಲೆನ್ಸಲ್ಲಿ ಹಕ್ಕಿ ಎರಡರಷ್ಟು ದೊಡ್ಡದಾಗಿ ಬರುತ್ತದೆ. ಇನ್ನೂ ಒಂದು ವಿಷಯ ಉಂಟು. ಬಿಸಿಲೇರಿದರೆ ಪಾರೆಯ ಮೇಲೆ ಗಾಳಿ ನೀರಿನ ಹಾಗೆ ಕುಣಿಯುತ್ತದೆ, ನೋಡಿದವರಿಗೆ ಗೊತ್ತು. ಎಂಥ ಲೆನ್ಸ್ ಇದ್ದರೂ ಆಗ ದೂರದ ನೆಲಗುಬ್ಬಿಯ ಗರಿಗಳು ಕಲಸಿಹೋಗುತ್ತವೆ. ಹತ್ತಿರ ಹೋಗದೆ ಅದಕ್ಕೆ ಬೇರೆ ಮದ್ದಿಲ್ಲ.

ಹತ್ತಿರ ಹೋಗುವುದು ಅಂದೆ, ಆದರೆ ನಾವು ಹೋದರೆ ಹಕ್ಕಿ ಹಾರುತ್ತದೆ. ಹಕ್ಕಿಯೇ ಬರಬೇಕು.

ಮೊದಲನೇ ಸಲ ಹೈಡನ್ನು ಪಾರೆಗೆ ಹೊತ್ತುಕೊಂಡು ಹೋದದ್ದು ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ. ಆ ಹೊತ್ತಿಗೆ ಎಲ್ಲ ಬೆಳಕಾಗಿತ್ತು. ಬಿಡಿಸಿದೆ, ಒಳಗೆ ಹೊಕ್ಕೆ, ಜಿಪ್ ಎಳೆದೆ. ಒಂದು ಜೋಡಿ ಟಿಟ್ಟಿಭ ತಲೆ ಮೇಲೆ ಸುತ್ತು ಹಾಕುತ್ತಾ ಒಂದು ಗಂಟೆ ಬಾಯಿ ಮುಚ್ಚಲಿಲ್ಲ. ಅವು ಕೂಗಿದರೆ ಇಡೀ ಪಾರೆಗೆ ಸುದ್ದಿ ಮುಟ್ಟಿತು ಅಂತಲೇ ಅರ್ಥ. ನೆಲಗುಬ್ಬಿ ಇಲ್ಲ, ಗೌಜಲಕ್ಕಿ ಇಲ್ಲ, ಒಂದು ಮೈನಾ ಕೂಡ ಹತ್ತಿರ ಬರಲಿಲ್ಲ. ದುಡ್ಡು ದಂಡವಾಯಿತು ಅಂದುಕೊಂಡೇ ಮನೆಗೆ ಬಂದೆ. ತಪ್ಪು ಹೈಡಿನದ್ದಾಗಿರಲಿಲ್ಲ. ನಾನು ಒಳಗೆ ಹೋದದ್ದನ್ನು ಅವು ನೋಡಿದ್ದವು. ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಾದ ಮೇಲೆ ಎಂಥ ಬಟ್ಟೆ ಇದ್ದರೂ ಏನು ಪ್ರಯೋಜನ?

ಆಮೇಲೆ ಕ್ರಮ ಬದಲಿಸಿದೆ. ಹೈಡನ್ನು ನಾಲ್ಕೈದು ದಿನ ಮೊದಲೇ ಹಾಕಿ ಖಾಲಿ ಬಿಡಬೇಕು. ಕಿಟಕಿಯಲ್ಲಿ ಲೆನ್ಸ್ ಇರುವ ಜಾಗಕ್ಕೆ ಒಂದು ಮೊಳದ ಕಪ್ಪು ಪೈಪಿನ ತುಂಡು ಸಿಕ್ಕಿಸಿ ಇಡಬೇಕು. ತೋಟದಲ್ಲಿ ಸ್ಪ್ರಿಂಕ್ಲರಿನ ಹಳೆ ಪೈಪು ಬೇಕಾದಷ್ಟು ಇರುತ್ತದೆ. ಆ ಮೂತಿಯೂ ಗುಡ್ಡೆಯ ಒಂದು ಭಾಗ ಅಂತ ಹಕ್ಕಿಗಳಿಗೆ ರೂಢಿಯಾಗಬೇಕು. ಕೂರುವ ದಿನ ಕತ್ತಲಿರುವಾಗಲೇ ಒಳಗೆ ಸೇರಬೇಕು. ಹಗಲಲ್ಲೇ ಹೋಗಬೇಕಾದರೆ ಜೊತೆಗೆ ಒಬ್ಬರು ಬಂದು, ನಮ್ಮನ್ನು ಒಳಗೆ ಬಿಟ್ಟು, ಎಲ್ಲರಿಗೂ ಕಾಣುವ ಹಾಗೆ ತಿರುಗಿ ಹೋಗಬೇಕು. ಬಂದವರು ಹೋದರು ಅಂತ ಹೆಚ್ಚಿನ ಹಕ್ಕಿಗಳು ಸುಮ್ಮನಾಗುತ್ತವೆ. ನಮ್ಮಲ್ಲಿ ಈ ಕೆಲಸ ಅಮ್ಮನದ್ದು. ಸಂಜೆ ದನಕ್ಕೆ ಹುಲ್ಲು ತರಲು ಹೋಗುವಾಗ ನನ್ನ ಜೊತೆ ಹೈಡಿನವರೆಗೆ ಬರುತ್ತಾರೆ, ನಾನು ಒಳಗೆ ಕೂತ ಮೇಲೆ ಜೋರಾಗಿ ಮಾತಾಡುತ್ತಾ ಕೆಳಗೆ ಇಳಿಯುತ್ತಾರೆ. ಒಂದು ದಿನ ಇಳಿಯುವಾಗ ಮೆಲ್ಲಗೆ ಅಂದರು, "ಆ ಕಾಕೆ ಮಾತ್ರ ನಿನ್ನನ್ನೇ ನೋಡ್ತಾ ಉಂಟು ಮಗಾ." ನಿಜ, ಕಾಗೆಯ ಹತ್ತಿರ ಈ ಉಪಾಯ ನಡೆಯುವುದಿಲ್ಲ.

ನಮ್ಮ ತೋಟದ ಮೇಲ್ಬದಿಯಲ್ಲಿ ಒಂದು ಸುರಂಗ ಇದೆ. ಬೇರೆ ಊರಿನವರಿಗೆ ಹೇಳಬೇಕು ಅಂದರೆ, ಕಾಸರಗೋಡಿನ ನಮ್ಮ ಕಡೆ ಗುಡ್ಡೆಯ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲನ್ನು) ಅಡ್ಡಕ್ಕೆ ಕೊರೆದು, ಒಬ್ಬ ಬಗ್ಗಿ ನಡೆಯುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಹೊರಗೆ ಹರಿಸುತ್ತಾರೆ. ಪಂಪು ಬೇಡ, ಕರೆಂಟು ಬೇಡ. ನಮ್ಮದರಲ್ಲಿ ಮಾರ್ಚಿನಲ್ಲಿ ಬೆರಳಿನ ದಪ್ಪ ನೀರು ಬರುತ್ತದೆ. ಬಾಯಿಯ ಹತ್ತಿರ ಅದು ಬೀಳುವ ಒಂದು ಸಣ್ಣ ಗುಂಡಿ, ಸುತ್ತ ಪಾಚಿ, ಪಕ್ಕದಲ್ಲೇ ನಾಗಬನ. ಬೇಸಿಗೆಯಲ್ಲಿ ಗುಡ್ಡೆ ಪೂರ್ತಿ ಒಣಗಿದಾಗ ಹಕ್ಕಿಗಳಿಗೆ ಸ್ನಾನಕ್ಕೆ ಇದೇ ಜಾಗ. ಕಳೆದ ಮಾರ್ಚಿನಲ್ಲಿ ಹೈಡನ್ನು ಅದರಿಂದ ಮೂರೂವರೆ ಮೀಟರ್ ದೂರ ಹಾಕಿದೆ.

ಮೊದಲ ಸಂಜೆ ನಾಲ್ಕೂವರೆಗೆ ಪಿಕಳಾರಗಳು ಬಂದವು. ಅವುಗಳ ಗದ್ದಲ ಮುಗಿಯುವ ಹೊತ್ತಿಗೆ ಮಡಿವಾಳ ಹಕ್ಕಿ ಬಂತು. ಬಾಲದಂಡೆ ಹಕ್ಕಿ ಕೊಂಬೆಯಿಂದ ನೀರಿಗೆ ಧುಮುಕಿ, ಮತ್ತೆ ಕೊಂಬೆಗೆ ಹೋಗಿ, ಮತ್ತೆ ಧುಮುಕಿ, ಹಾಗೇ ಹತ್ತು ಸಲ ಮಾಡಿತು. ಪಚ್ಚೆ ಪಾರಿವಾಳ ನಡೆದುಕೊಂಡೇ ಬಂತು, ಒಣ ಎಲೆ ಮೇಲೆ ಅದರ ಹೆಜ್ಜೆಯ ಸದ್ದು ಕೇಳುತ್ತಿತ್ತು. ಆರು ಗಂಟೆಯಾಗುತ್ತಾ ಬಂತು, ಬೆಳಕು ಮುಗಿಯಿತು ಅಂತ ನಾನು ಎದ್ದೇಳುವ ಯೋಚನೆಯಲ್ಲಿದ್ದೆ. ಆಗ ಬನದೊಳಗಿಂದ ಎರಡು ಸ್ವರದ ಸಿಳ್ಳೆ ಕೇಳಿತು. ನವರಂಗ! ಅಕ್ಟೋಬರಿನಲ್ಲಿ ಉತ್ತರದಿಂದ ಬಂದು ಬೇಸಿಗೆಯಲ್ಲಿ ಮರಿ ಮಾಡಲು ಹಿಂತಿರುಗುವ ಹಕ್ಕಿ ಇದು. ಚಳಿಗಾಲ ಪೂರ್ತಿ ನಮ್ಮ ಬನದ ತರಗೆಲೆ ಕೆದಕುತ್ತಾ ಇರುತ್ತದೆ, ಬೆಳಿಗ್ಗೆ ಸಂಜೆ ಕೂಗುತ್ತದೆ, ಕಣ್ಣಿಗೆ ಬೀಳುವುದು ಮಾತ್ರ ಅಪರೂಪ. ನಲವತ್ತು ವರ್ಷದಲ್ಲಿ ನಾನು ಅದನ್ನು ಸರಿಯಾಗಿ ನೋಡಿದ್ದು ನಾಲ್ಕೈದು ಸಲ, ಅದೂ ಹಾರಿಹೋಗುವಾಗ ರೆಕ್ಕೆಯ ನೀಲಿ ಮಿಂಚಿದ್ದಷ್ಟೇ.

ಅದು ಕುಪ್ಪಳಿಸಿ ಗುಂಡಿಯ ಅಂಚಿಗೆ ಬಂತು. ನಿಂತಿತು. ಮೊಂಡು ಬಾಲವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿತು. ಕಣ್ಣಿನ ಮೇಲೆ ಹಾದುಹೋಗುವ ಆ ಕಪ್ಪು ಪಟ್ಟಿ, ಬಿಳಿ ಕತ್ತು, ಹೊಟ್ಟೆಯ ಕೆಳಗೆ ಕುಂಕುಮದ ಬಣ್ಣ. ಒಳಗಿನ ಸೆಕೆಗೆ ನನ್ನ ಬೆವರು ಮೂಗಿನ ತುದಿಯಿಂದ ಕ್ಯಾಮೆರಾ ಮೇಲೆ ಬೀಳುತ್ತಿತ್ತು, ಒರೆಸಲೂ ಕೈ ಎತ್ತಲಿಲ್ಲ. ಒಂದು ಫೋಟೊ ತೆಗೆದೆ. ಕ್ಲಿಕ್ ಸದ್ದಿಗೆ ಅದು ಕಲ್ಲಿನ ಹಾಗೆ ನಿಂತುಬಿಟ್ಟಿತು. ನಾನೂ ಹಾಗೇ ಕೂತೆ. ಅರ್ಧ ನಿಮಿಷ ಕಳೆದ ಮೇಲೆ ನೀರಿಗೆ ಇಳಿಯಿತು, ಎದೆ ಅದ್ದಿತು, ಗರಿ ಉಬ್ಬಿಸಿ ಕೊಡವಿತು. ಒಂದು ಹನಿ ಹೈಡಿನ ಬಟ್ಟೆಗೆ ತಾಗಿದ ಸದ್ದು ಕೇಳಿತು. ಕ್ಯಾಮೆರಾದಲ್ಲಿ 1/60 ಸೆಕೆಂಡಿನ ಶಟರ್ ವೇಗ, 6400 ಐಎಸ್‌ಒ, ಎಫ್ 5.6, ಬೆಳಕು ಅಷ್ಟು ಕಡಿಮೆ. ಆ ದೂರದಲ್ಲಿ ಫೋಕಸ್ ಆಗುವ ಆಳ ಸುಮಾರು 3 ಸೆಂ.ಮೀ. ಮಾತ್ರ, ಕಣ್ಣು ಸರಿ ಬಂದರೆ ಬಾಲ ಮಸುಕು. ತೆಗೆದ 40 ಚಿತ್ರದಲ್ಲಿ ನೆಟ್ಟಗೆ ಬಂದದ್ದು 3. ಆ ಮೂರರಲ್ಲಿ ಒಂದರಲ್ಲಿ ಅದರ ರೆಪ್ಪೆಯ ಅಂಚಿನಲ್ಲಿ ನೀರಿನ ಹನಿ ನಿಂತಿದೆ. ಹನ್ನೊಂದು ನಿಮಿಷ ಇತ್ತು. ಹೋದ ಮೇಲೂ ಪೂರ್ತಿ ಕತ್ತಲಾಗುವವರೆಗೆ ನಾನು ಹೊರಗೆ ಬರಲಿಲ್ಲ, ಅದು ಹತ್ತಿರದಲ್ಲೇ ಎಲ್ಲೋ ಗರಿ ಒಣಗಿಸುತ್ತಾ ಇರುತ್ತದೆ, ಹೆದರಿಸಬಾರದು ಅಂತ.

ಹಕ್ಕಿಯನ್ನು ಕರೆಯಲು ಅಲ್ಲಿರುವ ನೀರು ಬಿಟ್ಟು ಬೇರೆ ಏನನ್ನೂ ನಾನು ಬಳಸುವುದಿಲ್ಲ. ಹುಳ ಇಡುವುದಿಲ್ಲ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಂತೂ ಇಲ್ಲವೇ ಇಲ್ಲ. ಜಾಗಕ್ಕೆ ಬೇರೆ ಗಂಡು ಬಂತು ಅಂತ ಅದು ತಿನ್ನುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಒಂದು ಫೋಟೊಗೆ ಅಷ್ಟು ಮಾಡಬೇಕಾ?

ಈಗ ಹೈಡಿನ ವಿಷಯಕ್ಕೆ. ಅಳತೆ ಪರವಾಗಿಲ್ಲ, ತಳ ಒಂದೂವರೆ ಮೀಟರ್ ಚೌಕ, ಮಂಡಿ ನೋವಿನವರೂ ಸ್ಟೂಲಲ್ಲಿ ಕೂರಬಹುದು, ಸಣ್ಣ ಟ್ರೈಪಾಡಿಗೂ ಜಾಗ ಇದೆ. ಎರಡೂವರೆ ಕೆಜಿ, ಬೆನ್ನಿಗೆ ಹಾಕಿಕೊಂಡು ಗುಡ್ಡೆ ಹತ್ತಬಹುದು. ಬಿಡಿಸಲು ಹತ್ತು ಸೆಕೆಂಡು ಸಾಕು. ಮಡಚುವುದು ಮಾತ್ರ ಕಲಿಯಬೇಕಾದ ವಿದ್ಯೆ. ಎರಡು ಕಂಬಿ ಸೇರಿಸಿ ಎಂಟರ ಆಕಾರಕ್ಕೆ ತಿರುಚಿ, ಮೊಣಕಾಲಲ್ಲಿ ಒತ್ತಿ ಹಿಡಿದು ಒಳಗೆ ತರಬೇಕು, ಕೈ ಜಾರಿದರೆ ಉಕ್ಕಿನ ಕಂಬಿ ಮುಖಕ್ಕೇ ಹೊಡೆಯುತ್ತದೆ. ಮನೆಯ ಅಂಗಳದಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿ.

ದೊಡ್ಡ ದೋಷ ಜಿಪ್. ಕಿಟಕಿಗೆಲ್ಲ ಜಿಪ್ ಕೊಟ್ಟಿದ್ದಾರೆ, ಎಳೆದರೆ ಚರ್ರ್ ಅಂತ ಸದ್ದು. ಹಕ್ಕಿ ಎಡಕ್ಕೆ ಬಂದರೆ ಆ ಕಡೆಯ ಕಿಟಕಿ ತೆರೆಯುವ ಹಾಗೇ ಇಲ್ಲ. ನಾನು ಮೇಣದ ಬತ್ತಿ ಉಜ್ಜಿ ಸ್ವಲ್ಪ ಸುಧಾರಿಸಿದೆ. ಎರಡನೆಯದು ಬಣ್ಣ. ಮೇಲೆ ಅಚ್ಚು ಹಾಕಿದ್ದು ಯಾವುದೋ ಚಳಿ ದೇಶದ ಎಲೆ ಉದುರುವ ಕಾಲದ ಕಾಡು, ಕಂದು ಕಿತ್ತಳೆ ಬಣ್ಣ. ಬೇಸಿಗೆಯ ಪಾರೆಗೆ ಅದು ಹೊಂದುತ್ತದೆ, ಅಡಕೆ ತೋಟದ ಹಸಿರಲ್ಲಿ ದೂರಕ್ಕೇ ಎದ್ದು ಕಾಣುತ್ತದೆ. ತೋಟದಲ್ಲಿ ಮೇಲೆ ನಾಲ್ಕು ಸೋಗೆ ಹೊದಿಸಲೇಬೇಕು. ಮೂರನೆಯದು ಗೂಟ. ಜೊತೆಗೆ ಕೊಟ್ಟ ತೆಳ್ಳಗಿನ ಗೂಟ ಮುರಕಲ್ಲಿಗೆ ಇಳಿಯುವುದೇ ಇಲ್ಲ, ಬಗ್ಗುತ್ತದೆ. ಪಾರೆಯಲ್ಲಿ ಮೂಲೆಗೊಂದು ಕಲ್ಲು ಇಟ್ಟು ಹಗ್ಗ ಬಿಗಿಯಾಗಿ ಕಟ್ಟಿ. ಬಟ್ಟೆ ಗಾಳಿಗೆ ಪಟಪಟ ಅಂದರೆ ಹಕ್ಕಿ ಬರುವುದಿಲ್ಲ.

ಹಿಂದಿನ ಕಿಟಕಿ ಯಾವತ್ತೂ ಮುಚ್ಚಿರಲಿ. ಎದುರು ಬದುರು ಎರಡೂ ತೆರೆದರೆ ಹಿಂದಿನ ಬೆಳಕಿಗೆ ನಿಮ್ಮ ತಲೆ ಕಪ್ಪಗೆ ಕಾಣುತ್ತದೆ. ಇದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಹಾಗೆಯೇ ಸೋಪಿನ ಪುಡಿ ಹಾಕಿ ತೊಳೆಯಬೇಡಿ. ನಮಗೆ ಕಾಣದ ಅತಿನೇರಳೆ ಬೆಳಕು ಹೆಚ್ಚಿನ ಹಕ್ಕಿಗಳಿಗೆ ಕಾಣುತ್ತದೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಪುಡಿಯಲ್ಲಿ ಹಾಕುವ ಅಂಶ ಆ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ತೊಳೆದ ಹೈಡ್ ಅವುಗಳ ಕಣ್ಣಿಗೆ ಬೇರೆಯೇ ಬಣ್ಣವಾಗಿ ಕಂಡೀತು. ಕೆಸರಾದರೆ ಬರೀ ನೀರು ಸಾಕು.

ಸೆಕೆ ಬಗ್ಗೆ ಹೇಳಲೇಬೇಕು. ಏಪ್ರಿಲಿನಲ್ಲಿ ಹತ್ತು ಗಂಟೆಯ ಮೇಲೆ ಒಳಗೆ ಕೂರಲು ಆಗುವುದಿಲ್ಲ. ಎರಡು ಲೀಟರ್ ನೀರು ಇಟ್ಟುಕೊಳ್ಳಿ, ಎರಡೂವರೆ ಗಂಟೆಗಿಂತ ಜಾಸ್ತಿ ಕೂರಬೇಡಿ. ನೆಲಕ್ಕೆ ಬಟ್ಟೆ ಇಲ್ಲದ ಮಾದರಿ ಇದು, ಇರುವೆ, ಉಣುಗು ಎಲ್ಲ ಬರುತ್ತವೆ. ನಾಲ್ಕು ದಿನ ಖಾಲಿ ಬಿಟ್ಟ ಹೈಡಿನೊಳಗೆ ಒಮ್ಮೆ ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದರೆ ಮೂಲೆಯಲ್ಲಿ ಒಂದು ಕೊಳಕುಮಂಡಲ ಸುರುಳಿ ಸುತ್ತಿ ಮಲಗಿತ್ತು. ಹಿಂದೆ ಸರಿದು ದೂರ ನಿಂತೆ, ಬಿಸಿಲು ಬಂದ ಮೇಲೆ ತನ್ನಷ್ಟಕ್ಕೆ ಹೋಯಿತು. ಟಾರ್ಚ್ ಹಾಕದೆ ಕಾಲಿಡಬೇಡಿ, ದಯವಿಟ್ಟು.

ಬೇರೆಯವರ ಜಾಗದಲ್ಲಿ ಹಾಕುವುದಾದರೆ ಮೊದಲು ಕೇಳಿ, ಅಕ್ಕಪಕ್ಕದವರಿಗೂ ಹೇಳಿ. ಪಾರೆಯಲ್ಲಿ ರಾತ್ರಿ ಬಿಟ್ಟು ಬಂದ ಮರುದಿನ ಕೆಳಗಿನ ಮನೆಯ ಅಜ್ಜ ಕತ್ತಿ ಹಿಡಿದುಕೊಂಡೇ ಬಂದು ಕೇಳಿದರು, "ಎಂತ ಮಾರಾಯ, ಈ ಡೇರೆ ಯಾರದ್ದು? ನಿನ್ನೆಯಿಂದ ನಮಗೆ ನಿದ್ರೆ ಇಲ್ಲ." ವಿಷಯ ಹೇಳಿದೆ, ಒಳಗೆ ಕೂರಿಸಿ ಕ್ಯಾಮೆರಾದಲ್ಲಿ ನೆಲಗುಬ್ಬಿ ತೋರಿಸಿದೆ. ಈಗ ಅವರೇ ಫೋನ್ ಮಾಡಿ ಗೌಜಲಕ್ಕಿ ಎಲ್ಲಿ ಕೂಗುತ್ತದೆ ಅಂತ ಹೇಳುತ್ತಾರೆ.

ಟಿಟ್ಟಿಭದ ವಿಷಯ ಅರ್ಧಕ್ಕೇ ಬಿಟ್ಟೆ ಅಲ್ವಾ. ಮುಂದಿನ ಬೇಸಿಗೆಯಲ್ಲಿ ಅದೇ ಪಾರೆಯ ಪಕ್ಕದ ಹಳೆಯ ಕಲ್ಲುಕೋರೆಯಲ್ಲಿ ಉಳಿದ ಸ್ವಲ್ಪ ನೀರಿನ ಹತ್ತಿರ ಹೈಡ್ ಹಾಕಿದ್ದೆ. ಕತ್ತಲಿಗೇ ಒಳಗೆ ಸೇರಿದ್ದೆ. ಒಂಬತ್ತೂವರೆಗೆ ಒಂದು ಟಿಟ್ಟಿಭ ಬಂತು, ನೀರು ಕುಡಿಯಲಿಲ್ಲ, ಕಾಲು ಮಡಚಿ ಹೊಟ್ಟೆಯನ್ನು ನೀರಲ್ಲಿ ಅದ್ದಿ ಸುಮ್ಮನೆ ಕೂತಿತು. ಸ್ವಲ್ಪ ಹೊತ್ತು ಹಾಗೇ. ಎದ್ದು ಹಾರಿದಾಗ ಹೊಟ್ಟೆಯ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಲು ಗಂಟೆಯಲ್ಲಿ ಮತ್ತೆ ಬಂತು. ನೆಲದಲ್ಲಿ ಬರೀ ಕಲ್ಲುಗಳ ನಡುವೆ ಇಟ್ಟ ಮೊಟ್ಟೆಗಳಿಗೆ ಬಿಸಿಲಿನ ಕಾವು ಜಾಸ್ತಿಯಾದಾಗ ಹೀಗೆ ಗರಿಯಲ್ಲಿ ನೀರು ತಂದು ತಂಪು ಮಾಡುತ್ತವೆ. ಎಲ್ಲೋ ಹತ್ತಿರದಲ್ಲೇ ನಾಲ್ಕು ಮೊಟ್ಟೆ ಇರಬೇಕು. ಹೋದ ದಿಕ್ಕು ನನಗೆ ಕಾಣುತ್ತಿತ್ತು, ಹುಡುಕಲಿಲ್ಲ. ಗೂಡಿನ ಹತ್ತಿರ ಹೈಡ್ ಹಾಕಿದರೆ ತಾಯಿ ಅರ್ಧ ಗಂಟೆ ದೂರ ನಿಂತರೂ ಆ ಬಿಸಿಲಿಗೆ ಮೊಟ್ಟೆ ಬೆಂದು ಹೋಗುತ್ತದೆ. ಹೈಡ್ ಇದೆ ಅಂತ ಗೂಡಿಗೆ ಹೋಗುವವರನ್ನು ನೋಡಿದ್ದೇನೆ, ತುಂಬಾ ಬೇಸರವಾಗುತ್ತದೆ. ನೀರಿನ ಹತ್ತಿರ ಹಾಕಿ, ಮೇವಿನ ಹತ್ತಿರ ಹಾಕಿ, ಗೂಡಿನ ಹತ್ತಿರ ಯಾವ ಕಾರಣಕ್ಕೂ ಬೇಡ. ಹೊಟ್ಟೆ ಒದ್ದೆ ಮಾಡಿಕೊಂಡು ಹಾರುವ ಆ ಒಂದು ಚಿತ್ರ ಚಾವಡಿಯ ಗೋಡೆಯಲ್ಲಿ ಕಟ್ಟು ಹಾಕಿಸಿ ಇಟ್ಟಿದ್ದೇನೆ.

ಎಲ್ಲದಕ್ಕೂ ಇದು ಆಗುವುದಿಲ್ಲ. ನಮ್ಮ ಜಿಲ್ಲೆಯ ಹಕ್ಕಿ ಅಂತ ಘೋಷಿಸಿದ ಬಿಳಿಹೊಟ್ಟೆ ಕಡಲ ಹದ್ದಿಗೆ ಹೈಡಿನಿಂದ ಏನೂ ಉಪಯೋಗವಿಲ್ಲ, ಅದು ಆಕಾಶದ ಹಕ್ಕಿ, ಅಲ್ಲಿ ಭಾವನ 600 ಬೇಕೇ ಬೇಕು. ಹಣ್ಣಿನ ಮರದ ತುದಿಯಲ್ಲಿರುವ ಮಂಗಟ್ಟೆಗೂ ಹಾಗೇ. ಕುಂಬಳೆ, ಶಿರಿಯ ಅಳಿವೆಯ ಕಡೆ ನೀರುಹಕ್ಕಿಗಳಿಗೆ ನಿಂತ ಕಾರೇ ಒಳ್ಳೆಯ ಹೈಡ್, ಇಂಜಿನ್ ಆಫ್ ಮಾಡಿ ಗಾಜು ಇಳಿಸಿ ಕೂತರೆ ಸಾಕು. ಮತ್ತೆ ತೋಟದೊಳಗೆ ಒಂದೇ ಕಡೆ ಕೂರುವವರಾದರೆ ಈ ಮೂರೂವರೆ ಸಾವಿರವನ್ನೂ ಉಳಿಸಬಹುದು. ನಾಲ್ಕು ಕಂಬ ನೆಟ್ಟು, ಹೆಣೆದ ತೆಂಗಿನ ಮಡಲು ಕಟ್ಟಿ, ಕಣ್ಣಿನ ಎತ್ತರಕ್ಕೆ ಒಂದು ತೂತು ಬಿಡಿ. ಗಾಳಿ ಆಡುತ್ತದೆ, ಜಿಪ್ ಸದ್ದಿಲ್ಲ, ತೋಟದ ಬಣ್ಣವೇ ಇರುತ್ತದೆ. ಹೊತ್ತುಕೊಂಡು ತಿರುಗಲು ಆಗುವುದಿಲ್ಲ ಅನ್ನುವುದೊಂದೇ ಕೊರತೆ.

ತಗೊಳ್ಳುವವರು ಇಷ್ಟು ನೋಡಿ: ಕಿಟಕಿಗೆ ಜಿಪ್ ಬದಲು ಕೊಕ್ಕೆ ಇರುವ ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ. ಒಳಗಿನ ಬಟ್ಟೆ ಕಪ್ಪಗಿರಬೇಕು. ನೆಲಮಟ್ಟದಲ್ಲೂ ಒಂದು ಕಿಟಕಿ ಇದ್ದರೆ ಬಹಳ ಒಳ್ಳೆಯದು, ನೆಲದ ಹಕ್ಕಿಯನ್ನು ಅದರ ಕಣ್ಣಿನ ಮಟ್ಟದಿಂದ ತೆಗೆಯಬೇಕು, ಮೇಲಿಂದ ತೆಗೆದರೆ ಬೆನ್ನು ಮಾತ್ರ ಕಾಣುತ್ತದೆ. ನನ್ನದರಲ್ಲಿ ಅದಿರಲಿಲ್ಲ, ಬದಿಯಡ್ಕದ ದರ್ಜಿಯೊಬ್ಬರ ಹತ್ತಿರ ಕತ್ತರಿಸಿ ಹೊಲಿಸಿದೆ. ಮಳೆಗಾಲದಲ್ಲಿ ಒದ್ದೆ ಹೈಡನ್ನು ಮಡಚಿ ಇಟ್ಟರೆ ಒಂದೇ ವಾರದಲ್ಲಿ ಬೂಸ್ಟು ಬರುತ್ತದೆ, ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಎರಡನೇ ಮಳೆಗಾಲದಲ್ಲಿ ಒಂದು ಮೂಲೆ ಹರಿಯಿತು, ಅದೇ ದರ್ಜಿ ಕೊಡೆಯ ಬಟ್ಟೆ ಇಟ್ಟು ಹೊಲಿದುಕೊಟ್ಟರು. ಇನ್ನೆರಡು ವರ್ಷಕ್ಕೆ ತೊಂದರೆ ಇಲ್ಲ.

ಈಗ ಅದು ಚಾವಡಿಯಲ್ಲಿ ಬಿಡಿಸಿಕೊಂಡು ಗಾಳಿಗೆ ಒಣಗುತ್ತಾ ಇದೆ. ಮೊನ್ನೆ ಸಂಜೆ ಬನದ ಕಡೆಯಿಂದ ಈ ಸಲದ ಮೊದಲ ನವರಂಗ ಕೂಗಿತು, ಅಮ್ಮನೇ ಮೊದಲು ಕೇಳಿದ್ದು. ಇನ್ನೂ ತೋಡಿನಲ್ಲಿ, ಗುಡ್ಡೆಯಲ್ಲಿ ಎಲ್ಲ ಕಡೆ ನೀರಿದೆ. ಸುರಂಗದ ಗುಂಡಿಗೆ ಅದು ಇಳಿಯಬೇಕಾದರೆ ಫೆಬ್ರವರಿ ಆಗಬೇಕು, ಜನವರಿ ಕೊನೆಗೇ ಪೈಪಿನ ತುಂಡು ಸಿಕ್ಕಿಸಿ ಹೈಡ್ ಹಾಕಿ ಬಿಡುತ್ತೇನೆ.